ಬಯಲ ಬಾಗಿಲಿನ ಸದ್ದು

ನಮ್ಮೂರಿನಲ್ಲಿ ಯಾವ ವಸ್ತುವಿನ ಸದ್ದೂ ಆ ವಸ್ತುವಿನಲ್ಲಿ ಇರುವುದಿಲ್ಲ. ಇನ್ನೊಂದರಲ್ಲಿ ಇರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ನಮ್ಮ ಹಿರಿಯರು "ಹಾಗೇ" ಅನ್ನುತ್ತಿದ್ದರು. ಈಗ ನಾವೂ ಹಾಗೇ ಅನ್ನುತ್ತೇವೆ.

ಮಳೆ ನಮ್ಮಲ್ಲಿ ಮೂಕವಾಗಿ ಬೀಳುತ್ತದೆ. ಅದರ ಸದ್ದು ನಮ್ಮ ಮನೆಯ ಬಾಣಲೆಯಲ್ಲಿದೆ. ಮೋಡ ಕವಿದ ಕೂಡಲೇ ನಾನು ಒಲೆ ಹಚ್ಚಬೇಕು, ಎಣ್ಣೆ ಕಾಯಿಸಬೇಕು, ಹಪ್ಪಳ ಬಿಡಬೇಕು. ಆಗ ಊರಿಗೆಲ್ಲ ಮಳೆ ಕೇಳಿಸುತ್ತದೆ, ಹೆಂಗಸರು ಓಡಿಬಂದು ಒಣಹಾಕಿದ ಬಟ್ಟೆ ಎತ್ತಿಕೊಳ್ಳುತ್ತಾರೆ. ನಾನು ಮೈಮರೆತು ಮಲಗಿದ ದಿನ ಊರಿನ ಬಟ್ಟೆಯೆಲ್ಲ ನೆನೆದು ತೊಪ್ಪೆ, ಬೈಗುಳವೆಲ್ಲ ನನಗೆ. ಹಾಗಾದರೆ ಹಪ್ಪಳದ ಸದ್ದು ಎಲ್ಲಿದೆ ಎನ್ನುತ್ತೀರೇನೋ. ಅದು ತರಗೆಲೆ ತುಳಿಯುವವರ ಕಾಲಡಿಯಲ್ಲಿದೆ. ನಾನು ಕರಿದ ಹಪ್ಪಳ ನನಗೇ ಕೇಳಿಸುವುದಿಲ್ಲ. ತಿನ್ನುವುದು ಮಾತ್ರ ನಾನೇ.

ನಮ್ಮದು ಮಳೆಯ ಮನೆಯಾದರೆ ಎದುರಿನವರದು ಕುದುರೆಯ ಮನೆ. ಕುದುರೆ ಗೊರಸಿನ ಸದ್ದು ಅವರ ತೆಂಗಿನ ಚಿಪ್ಪುಗಳಲ್ಲಿದೆ. ಗುಡುಗಿನ ಮನೆಯವರ ಹತ್ತಿರ ಒಂದು ದೊಡ್ಡ ತಗಡಿದೆ, ಅದರಿಂದ ಅವರಿಗೆ ಸ್ವಲ್ಪ ಜಂಬವೂ ಇದೆ. ಹಕ್ಕಿ ಹಾರುವ ಸದ್ದು ಕೊಡೆಯಲ್ಲಿದೆ, ಬಿಚ್ಚಿ ಮುಚ್ಚಿ ಬಿಚ್ಚಿ ಮುಚ್ಚಿ ಮಾಡಬೇಕು. ಬೆಂಕಿಯ ಸದ್ದು ಒಣಗಿದ ಬಾಳೆಲೆಯಲ್ಲಿದೆ. ಯಾರು ಯಾವ ಸದ್ದು ಕೊಟ್ಟರೂ ಕೊಡುವಾಗ ಒಂದು ಮಾತು ಹೇಳಬೇಕು: "ತಗೋ, ನಿನ್ನದು ನನ್ನಲ್ಲಿತ್ತು." ನಾನು ಮಳೆಗೆ ಹೇಳುತ್ತೇನೆ, ಅವರು ಕುದುರೆಗೆ ಹೇಳುತ್ತಾರೆ. ಬಾಯಿ ಒಂದನ್ನು ಮಾತ್ರ ದೇವರು ಅವರವರಿಗೇ ಬಿಟ್ಟಿದ್ದಾನೆ. ಅದಕ್ಕೇ ಊರಲ್ಲಿ ಇಷ್ಟು ಜಗಳ.

ಊರ ನಡುವೆ ಎರಡು ಕಂಬಗಳಿಗೆ ಕಟ್ಟಿದ ಒಂದು ಬಿಳಿ ಪರದೆ ಇದೆ. ಅದನ್ನು ಪರದೆಯವನು ಕಾಯುತ್ತಾನೆ. ಸಿನಿಮಾ ಮಾಡುವವರು ಎಲ್ಲೆಲ್ಲಿಂದಲೋ ಅದನ್ನು ಹುಡುಕಿಕೊಂಡು ಬರುತ್ತಾರೆ. ದೊಡ್ಡವರಲ್ಲ; ಹಿಂದೆ ಮುಂದೆ ಯಾರೂ ಇಲ್ಲದೆ, ತಮ್ಮ ಕಥೆಯನ್ನು ತಮ್ಮದೇ ಕ್ಯಾಮೆರಾದಲ್ಲಿ ಹಿಡಿದು, ಡಬ್ಬಿಯಲ್ಲಿ ತುಂಬಿಕೊಂಡು ನಡೆದು ಬರುವವರು. ಅವರ ಚಿತ್ರಗಳೆಲ್ಲ ಮೂಕ. ಮೂಕ ಚಿತ್ರ ಡಬ್ಬಿಯಲ್ಲೇ ದಿನದಿಂದ ದಿನಕ್ಕೆ ಮಾಸುತ್ತದೆ. ಅದಕ್ಕೆ ಅದರ ಸದ್ದುಗಳನ್ನೆಲ್ಲ ಕೂಡಿಸಿ ಪರದೆಗೆ ಬಿಟ್ಟರೆ ಪರದೆ ಅದನ್ನು ಹಿಡಿದುಕೊಳ್ಳುತ್ತದೆ, ಮತ್ತೆಂದೂ ಮಾಸುವುದಿಲ್ಲ. ಆದರೆ ಚಿತ್ರದ ಒಂದೇ ಒಂದು ವಸ್ತು ತನ್ನ ಸದ್ದಿಲ್ಲದೆ ಹಾದುಹೋದರೂ, ತನ್ನದಲ್ಲದ ಸದ್ದಿನಲ್ಲಿ ಹಾದುಹೋದರೂ, ಪರದೆ ಇಡೀ ಚಿತ್ರವನ್ನು ನುಂಗಿಬಿಡುತ್ತದೆ. ಬೆಳ್ಳಗಾಗುತ್ತದೆ, ಅಷ್ಟೇ. ಎರಡನೇ ಸಲ ಅನ್ನುವುದೇ ಇಲ್ಲ.

ಚಿತ್ರದವಳು ಬಂದದ್ದು ಮಾವು ಹೂಬಿಟ್ಟ ಕಾಲದಲ್ಲಿ. ಸಣ್ಣ ಹೆಣ್ಣು, ದೊಡ್ಡ ಡಬ್ಬಿ. ಅದನ್ನು ಎದೆಗೆ ಅವಚಿಕೊಂಡು ನೇರ ಸದ್ದಿನವಳ ಮನೆಗೆ ಹೋದಳು. ಯಾವ ಸದ್ದು ಯಾವುದರಲ್ಲಿದೆ ಎಂದು ಹೇಳುವವಳು ನಮ್ಮಲ್ಲಿ ಸದ್ದಿನವಳೊಬ್ಬಳೇ. ಅವಳು ದಾರಿಯಲ್ಲಿ ಕಣ್ಣು ಮುಚ್ಚಿ ನಡೆಯುತ್ತಾಳೆ, ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ನಾಲಿಗೆ ಮಾತ್ರ ಎಲ್ಲರಿಗೂ ಡಿಕ್ಕಿ ಹೊಡೆಯುತ್ತದೆ.

"ಎಷ್ಟು ಜನ ಸೇರಿ ಮಾಡಿದ ಚಿತ್ರ?" ಎಂದು ಸದ್ದಿನವಳು ಕೇಳಿದಳು.

"ನಾನು, ನಮ್ಮಕ್ಕ. ಅಷ್ಟೇ ಅಮ್ಮಾ."

"ಅಕ್ಕ ಎಲ್ಲಿ?"

"ಚಿತ್ರದಲ್ಲಿದಾಳೆ."

"ಚಿತ್ರದ ಹೊರಗೆ?"

ಚಿತ್ರದವಳು ಇಲ್ಲವೆಂದು ತಲೆಯಾಡಿಸಿದಳು.

ಸದ್ದಿನವಳು ಕಿಟಕಿ ಮುಚ್ಚಿ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟಳು. ಗೋಡೆ ಹಿಡಿದುಕೊಳ್ಳುವುದೂ ಇಲ್ಲ, ನುಂಗುವುದೂ ಇಲ್ಲ. ಹಾಕಿ ನೋಡುವುದಕ್ಕೆ ಗೋಡೆಯೇ ಸರಿ. ಊರವರೆಲ್ಲ ಬಾಗಿಲಲ್ಲಿ ಮುಗಿಬಿದ್ದೆವು. ಒಣಗಿದ ಕೆರೆಯಂಗಳ. ಒಬ್ಬ ಹೆಂಗಸು ತಲೆಯ ಮೇಲೆ ಒಂದು ಬಾಗಿಲು ಹೊತ್ತು ನಡೆಯುತ್ತಿದ್ದಾಳೆ, ಚೌಕಟ್ಟು ಸಮೇತ. ತುಂತುರು ಬೀಳುತ್ತದೆ, ನಡೆಯುತ್ತಾಳೆ. ಕುದುರೆಯೊಂದು ಪಕ್ಕದಲ್ಲಿ ಓಡುತ್ತದೆ, ನಡೆಯುತ್ತಾಳೆ. ಹಕ್ಕಿಗಳು ಏಳುತ್ತವೆ, ದಾರಿಯಲ್ಲಿ ಬೆಂಕಿ ಉರಿಯುತ್ತದೆ, ನಡೆಯುತ್ತಾಳೆ. ಕೊನೆಗೆ ಬಟ್ಟಬಯಲಲ್ಲಿ ಬಾಗಿಲನ್ನು ಇಳಿಸಿ, ನೆಟ್ಟು, ಬೆವರು ಒರೆಸಿಕೊಂಡು, ಬಾಗಿಲು ತೆರೆದು ಒಳಗೆ ಹೋಗುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

"ಆಮೇಲೆ?" ಎಂದೆ ನಾನು. ನನಗೆ ತಡೆದುಕೊಳ್ಳುವ ಅಭ್ಯಾಸವಿಲ್ಲ.

"ಆಮೇಲೆ ನಾನು ಬಾಗಿಲ ಆಚೆಗೆ ಹೋಗಿ ನೋಡಿದೆ. ಬರೀ ಬಯಲು. ಅಕ್ಕ ಇರ್ಲಿಲ್ಲ. ಅವತ್ತಿಂದ ಇಲ್ಲ." ಚಿತ್ರದವಳು ಗೋಡೆಯನ್ನೇ ನೋಡುತ್ತಿದ್ದಳು. "ಹೆದರಿಕೊಂಡು ಹೋದ್ಲೋ, ನನ್ನ ಮೇಲೆ ಬೇಜಾರಾಗಿ ಹೋದ್ಲೋ, ಖುಷಿಯಿಂದ ಹೋದ್ಲೋ, ಏನೂ ಗೊತ್ತಿಲ್ಲ. ಮುಖ ನೋಡಿದ್ರೆ ತಿಳಿಯಲ್ಲ. ಆ ಬಾಗಿಲಿಗೆ ಯಾವ ಸದ್ದು ಅಂತ ಗೊತ್ತಾದ್ರೆ ತಿಳಿಯುತ್ತೆ. ಚಿತ್ರ ಮಾಸ್ತಾ ಇದೆ ಅಮ್ಮಾ. ಅವಳ ಮೂಗುಬೊಟ್ಟು ಆಗ್ಲೇ ಕಾಣ್ತಿಲ್ಲ."

ಸದ್ದಿನವಳು ಎದ್ದು ಸೆರಗು ಸಿಕ್ಕಿಸಿಕೊಂಡಳು. "ಬಾಯಿ ಬಿಟ್ಕೊಂಡು ಏನ್ ನಿಂತಿದ್ದೀರಿ? ಹೋಗ್ರೋ, ಅವರವರ ಸಾಮಾನು ತಗೊಂಡು ಬನ್ರೋ!" ಎಂದಳು.

ಆಹಾ, ಆ ದಿನಗಳು! ಊರಿಗೆ ಊರೇ ಹಿಟ್ಟಿನ ಗಿರಣಿಯ ಹಾಗೆ ಗಿರಗಿರ ತಿರುಗಿತು. ಬೀದಿ ತುಂಬ ತಗಡು, ಚಿಪ್ಪು, ಕೊಡೆ, ಬಾಳೆಲೆ. ಎಲ್ಲರಿಗೂ ತಮ್ಮ ಸದ್ದು ಚಿತ್ರದಲ್ಲಿ ಬರಬೇಕು. ಗುಡುಗಿನ ಮನೆಯವರು ತಗಡು ಹೊತ್ತು ಬಂದರು. "ಚಿತ್ರದಲ್ಲಿ ಗುಡುಗೇ ಇಲ್ವಲ್ಲ" ಎಂದು ಸದ್ದಿನವಳು ಹೇಳಿದರೆ, "ದೂರದಲ್ಲಿ ಎಲ್ಲೋ ಗುಡುಗಿರುತ್ತೆ, ನೀವು ಸರಿಯಾಗಿ ನೋಡಿಲ್ಲ" ಎಂದು ಅವಳಿಗೇ ಹೇಳಿದರು. ಅವಳು ಮತ್ತೊಮ್ಮೆ ಗೋಡೆ ನೋಡಿದಳು. ಕೆರೆಯಂಗಳದ ತುದಿಯಲ್ಲಿ ನಿಜವಾಗಿಯೂ ಒಂದು ಕಪ್ಪು ಮೋಡವಿತ್ತು. ಗುಡುಗಿನ ಮನೆಯವರನ್ನು ಆಮೇಲೆ ಹಿಡಿಯುವವರೇ ಇಲ್ಲ.

ನಾನು ಮಹಾ ಉತ್ಸಾಹದಿಂದ ಬಾಣಲೆ ತುಂಬ ಹಪ್ಪಳ ಬಿಟ್ಟೆ. "ತಗೋ, ನಿನ್ನದು ನನ್ನಲ್ಲಿತ್ತು" ಎಂದೆ. ಸದ್ದಿನವಳು ಸೌಟು ಕಿತ್ತುಕೊಂಡಳು. "ಇದು ಜಡಿಮಳೆ ಕಣೇ! ಹುಡುಗಿ ಬಾಗಿಲ ಸಮೇತ ಕೊಚ್ಚಿಕೊಂಡು ಹೋಗ್ತಾಳೆ." ಹಪ್ಪಳ ಬಿಟ್ಟು ಸಂಡಿಗೆ ಹಿಡಿದೆ. ಅದೂ ಹೆಚ್ಚಾಯಿತು. ಕೊನೆಗೆ ಮೊದಲ ಹನಿಗಳಿಗೆ ನಾಲ್ಕು ಸಾಸಿವೆ ಕಾಳು, ಆಮೇಲೆ ಸಣ್ಣ ಉರಿಯಲ್ಲಿ ಅರಳು ಸಂಡಿಗೆ, ಒಂದೊಂದೇ. ಗೋಡೆಯ ಮೇಲೆ ತುಂತುರು ಕೇಳಿಸಿತು ನೋಡಿ, ಆ ಹೆಂಗಸಿನ ಹೆಗಲು ನೆನೆಯುವುದು ನನ್ನ ಹೆಗಲಿಗೇ ತಣ್ಣಗೆ ತಾಗಿತು. ಇಷ್ಟು ವರ್ಷ ಮಳೆ ಕರಿದಿದ್ದೇನೆ, ಮಳೆ ಎಂದರೇನೆಂದು ಅವತ್ತು ಗೊತ್ತಾಯಿತು.

ಹೆಜ್ಜೆಯ ಸದ್ದು ರಾಗಿ ಹಿಟ್ಟಿನ ಚೀಲದಲ್ಲಿತ್ತು. ಹೆಜ್ಜೆಯ ಮನೆಯವನು ಚೀಲ ಹಿಸುಕಿದ. ಸದ್ದು ಸರಿಯಿತ್ತು, ಆದರೆ ಭಾರವಿರಲಿಲ್ಲ. ಕೈಬೀಸಿಕೊಂಡು ಸಂತೆಗೆ ಹೋಗುವವಳ ಹೆಜ್ಜೆಯಾಗಿತ್ತು. ಸದ್ದಿನವಳು ಅವನ ತಲೆಯ ಮೇಲೆ ಒಂದು ಹಲಗೆ ಹೊರಿಸಿದಳು. "ಈಗ ಹಿಸುಕು" ಎಂದಳು. ಹಲಗೆ ಹೊತ್ತ ಕುತ್ತಿಗೆಯ ನೋವು ಕೈಗೆ ಇಳಿದು, ಕೈಯಿಂದ ಚೀಲಕ್ಕೆ ಇಳಿದು, ಗೋಡೆಯ ಮೇಲಿನವಳ ಹಿಮ್ಮಡಿ ನೆಲಕ್ಕೆ ಊರಿತು. ಚಿತ್ರದವಳು ಬಾಯಿಗೆ ಕೈ ಇಟ್ಟುಕೊಂಡಳು. "ಹೀಗೇ ನಡೀತಿದ್ಲು" ಎಂದಳು.

ರಾಗದವನು ಬಂದದ್ದು ಆಮೇಲೆ. ನಮ್ಮಲ್ಲಿ ವೀಣೆಯ ನಾದ ಕಂಚಿನ ತಟ್ಟೆಗಳ ಅಂಚಿನಲ್ಲಿದೆ, ಮದ್ದಳೆಯದು ನೀರು ತುಂಬಿದ ಕೊಡದ ಹೊಟ್ಟೆಯಲ್ಲಿದೆ, ಕೊಳಲಿನದು ಖಾಲಿ ಸೀಸೆಗಳ ಬಾಯಲ್ಲಿದೆ. ಇವನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು, ಮೀಸೆ ತಿರುವಿಕೊಂಡು ಬಂದ.

"ಎಲ್ಲೆಲ್ಲಿ ರಾಗ ಬೇಕು?" ಎಂದು ಕೇಳಿದ. ಉತ್ತರಕ್ಕೆ ಕಾಯದೆ ಅವನೇ ಹೇಳಿದ, "ಎಲ್ಲಾ ಕಡೆ ಬೇಕು."

"ಹಾಕಯ್ಯಾ ಹಾಕು, ಸಾರಿಗೆ ಉಪ್ಪು ಹಾಕೋ ಬದಲು ಉಪ್ಪಿಗೆ ಸಾರು ಹಾಕು" ಎಂದಳು ಸದ್ದಿನವಳು.

"ನಿನ್ನ ಸಾಸಿವೆ ಚಟಪಟದಲ್ಲಿ ಯಾರಾದ್ರೂ ಅಳ್ತಾರೇನಮ್ಮಾ? ಅಳ್ಸೋನು ನಾನು."

"ಅಳ್ಸೋಕೆ ಈರುಳ್ಳಿ ಸಾಕು. ನಿನ್ನ ಗಾಡಿ ಯಾಕೆ?"

ಇಬ್ಬರೂ ಕಿತ್ತಾಡಿದರು. ಅವನು ಕುದುರೆ ಓಡುವಾಗ ಕೊಡ ಬಾರಿಸಿದ, ಕುದುರೆಯ ಸದ್ದು ಸತ್ತೇ ಹೋಯಿತು. ಹಕ್ಕಿ ಏಳುವಾಗ ಸೀಸೆ ಊದಿದ, ಕೊಡೆಯ ಮನೆಯವಳು ಕೊಡೆಯಲ್ಲೇ ಅವನಿಗೆ ಎರಡು ಬಿಗಿದಳು. ಚಿತ್ರದವಳು ನಗು ತಡೆಯಲಾರದೆ, ಇಬ್ಬರ ನಡುವೆ ಕೂತು ನ್ಯಾಯ ಹೇಳಿದಳು: "ಅಕ್ಕ ನಡೆಯುವಾಗ ಸದ್ದು. ಅಕ್ಕ ನಿಂತಾಗ ರಾಗ." ಅವಳ ಅಕ್ಕ ನಿಲ್ಲುವುದು ಒಂದೇ ಕಡೆ, ಬಾಗಿಲು ಇಳಿಸಿ ಬೆವರು ಒರೆಸಿಕೊಳ್ಳುವಾಗ. ರಾಗದವನು ಮುಖ ಊದಿಸಿಕೊಂಡು ಗಾಡಿಯನ್ನೆಲ್ಲ ಬದಿಗಿಟ್ಟ. ಒಂದೇ ಒಂದು ಸೀಸೆ ಆರಿಸಿಕೊಂಡು, ಅದರ ಬಾಯಿಗೆ ತುಟಿಯಿಟ್ಟು, ಒಂದೇ ಸ್ವರವನ್ನು ಉದ್ದಕ್ಕೆ ಬಿಟ್ಟ. ಸದ್ದಿನವಳು ಮೂಗೊರೆಸಿಕೊಂಡು, "ಮೊದಲೇ ಹೀಗೆ ಊದಕ್ಕೆ ಏನಾಗಿತ್ತು?" ಎಂದಳು. ಅವಳ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಉಳಿದದ್ದು ಬಾಗಿಲು.

ಮೊದಲು ಗಾಡಿಯ ಅಚ್ಚು ತಿರುಗಿಸಿದರು. ಕಿರ್ ಎಂದಿತು, ಬಾಗಿಲು ತೆರೆಯಿತು, ಗೋಡೆಯ ಮೇಲಿನ ಅಕ್ಕ ಭಯದಿಂದ ನಡುಗುವವಳಂತೆ ಕಂಡಳು. "ನಮ್ಮಕ್ಕ ಹೆದರೋಳಲ್ಲ" ಎಂದಳು ಚಿತ್ರದವಳು. ಕಬ್ಬಿಣದ ಸರಪಳಿ ಎಳೆದರು, ಅಕ್ಕ ಜೈಲಿನಿಂದ ತಪ್ಪಿಸಿಕೊಳ್ಳುವವಳಂತೆ ಕಂಡಳು. "ಅವಳಿಗೆ ಯಾರ ಕಟ್ಟೂ ಇರ್ಲಿಲ್ಲ" ಎಂದಳು. ಬಳೆ ಅಲ್ಲಾಡಿಸಿದರು, ಮದುವಣಗಿತ್ತಿಯಾದಳು. ಒದ್ದೆ ಬಟ್ಟೆ ಕಲ್ಲಿಗೆ ಬಡಿದರು, ಸಿಟ್ಟುಗಾತಿಯಾದಳು. ಮುಖ ಅದೇ, ಒಂದು ಕೂದಲೂ ಅಲುಗಿಲ್ಲ; ಸದ್ದು ಬದಲಾದ ಹಾಗೆ ಹೆಂಗಸೇ ಬದಲಾಗುತ್ತಿದ್ದಳು. ಪ್ರತಿ ಸಲವೂ ಚಿತ್ರದವಳು, "ಇವಳು ನಮ್ಮಕ್ಕ ಅಲ್ಲ" ಎಂದಳು.

ಸದ್ದಿನವಳು ಕಣ್ಣು ಮುಚ್ಚಿಕೊಂಡು ಊರೆಲ್ಲ ತಿರುಗಿದಳು. ನಮ್ಮ ಒನಕೆ ತಟ್ಟಿದಳು, ತೊಟ್ಟಿಲು ತೂಗಿದಳು, ಬಾವಿಯ ರಾಟೆ ಎಳೆದಳು, ಮೊರ ಬೀಸಿದಳು. ಒಬ್ಬೊಬ್ಬರೂ ತಮ್ಮ ಮನೆಯ ಸಾಮಾನು ತಂದು ಅವಳ ಕಿವಿಗೆ ಹಿಡಿದರು. ಯಾವುದರಲ್ಲೂ ಆ ಬಾಗಿಲು ಇರಲಿಲ್ಲ. ಊರಿನ ವಸ್ತುಗಳೆಲ್ಲ ಮುಗಿದವು. ಅಷ್ಟರಲ್ಲಿ ಅಕ್ಕನ ಸೀರೆಯ ಅಂಚು ಮಾಸಿತ್ತು, ಕೈಬೆರಳು ಮಾಸಿದ್ದವು. ಇನ್ನು ಮುಖದ ಸರದಿ.

"ಇನ್ನೂ ತಡ ಮಾಡಿದ್ರೆ ಪರದೆಗೆ ಹಿಡಿಸೋಕೆ ಏನೂ ಉಳಿಯಲ್ಲ ತಾಯಿ" ಎಂದ ಪರದೆಯವನು.

"ಬಾಗಿಲು ಬರೋ ಹೊತ್ತಿಗೆ ನಾನು ಕೊಡ, ತಟ್ಟೆ ಎಲ್ಲಾ ಸೇರಿಸಿ ಜೋರಾಗಿ ಬಾರಿಸ್ಬಿಡ್ತೀನಿ. ಬಾಗಿಲು ಇತ್ತು ಅಂತಾನೇ ಗೊತ್ತಾಗ್ಬಾರ್ದು" ಎಂದ ರಾಗದವನು. ಪಾಪ, ಅವನದು ಒಳ್ಳೇ ಮನಸ್ಸೇ.

"ಪರದೆ ಏನು ನಿನ್ನ ಹಾಗೆ ಕಿವುಡೇ?" ಎಂದಳು ಸದ್ದಿನವಳು. ಆದರೆ ಅವಳ ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಚಿತ್ರದವಳ ಮುಂದೆ ಕೂತು, "ನನ್ನ ಕೈಲಿ ಆಗ್ಲಿಲ್ಲ ಮಗಳೇ. ಬಳೆ ಸದ್ದು ಹಾಕೋಣ್ವಾ? ನುಂಗಿದ್ರೆ ನುಂಗ್ಲಿ, ಒಂದು ಗಳಿಗೆಯಾದ್ರೂ ಅಕ್ಕ ಚೆನ್ನಾಗಿ ಕಾಣ್ತಾಳೆ" ಎಂದಳು.

ಚಿತ್ರದವಳು ಡಬ್ಬಿಯ ಮುಚ್ಚಳ ಹಾಕಿದಳು. "ಬೇಡಮ್ಮಾ. ಬೇರೆ ಯಾರದೋ ಮುಖ ಹೊತ್ಕೊಂಡು ಯಾಕೆ ಹೋಗ್ಬೇಕು ಅವಳು? ನಾಳೆ ಸಂಜೆ ಚಿತ್ರ ಬಿಡಿ. ಬಾಗಿಲು ಬಂದಾಗ ಬರ್ಲಿ."

ಮರುದಿನ ಬಿಸಿಲು ಇಳಿಯುವ ಮುಂಚೆಯೇ ನಾವೆಲ್ಲ ಪರದೆಯ ಹಿಂದೆ ಸೇರಿದೆವು. ಸದ್ದು ಕೊಡುವವರ ಜಾಗ ಅದು. ನನ್ನ ಒಲೆ, ನನ್ನ ಬಾಣಲೆ. ಪಕ್ಕದಲ್ಲಿ ಚಿಪ್ಪು, ಕೊಡೆ, ತಗಡು, ತಲೆ ಮೇಲೆ ಹಲಗೆ ಹೊತ್ತ ಹೆಜ್ಜೆಯವನು. ಹೊಸ ಬಟ್ಟೆ ಉಟ್ಟವರೇ ಎಲ್ಲ. ಒಬ್ಬರ ಕಾಲು ಒಬ್ಬರು ತುಳಿದು, ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತ ಗದ್ದಲವೋ ಗದ್ದಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದರ ಸದ್ದು ಯಾರ ಮನೆಯಲ್ಲಿದೆಯೋ, ಅವರಿಗೆ ಅವತ್ತು ಬಿಡುವಿರಲಿಲ್ಲ.

ಚಿತ್ರ ಬಿಡುವ ದೀಪ ಹಚ್ಚುವ ಮುಂಚೆ ಪರದೆಯವನು ಸಂದಿಯಲ್ಲಿ ಮುಂದೆ ಇಣುಕಿದ. ತಿರುಗಿ ನಮ್ಮನ್ನು ನೋಡಿದ.

"ಚಾಪೆ ಎಲ್ಲಾ ಖಾಲಿ" ಎಂದ. "ನೋಡೋರು ಯಾರು?"

ಮನೆಗೊಂದು ಸದ್ದು ಎಂದು ಊರಿಗೆ ಊರೇ ಹಿಂದೆ ಬಂದು ನಿಂತಿತ್ತು. ನೋಡಲು ಒಬ್ಬರಾದರೂ ಬೇಕಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಈಗ ಹೊಳೆದರೂ ಜಾಗ ಬಿಡುವವರಿಲ್ಲ. ನಾನಂತೂ ಬಾಣಲೆಯ ಹಿಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

ಕೈಯಲ್ಲಿ ಏನೂ ಇಲ್ಲದೆ ನಿಂತಿದ್ದವಳು ಚಿತ್ರದವಳೊಬ್ಬಳೇ. ಸದ್ದಿನವಳು ಅವಳ ಬೆನ್ನಿಗೆ ಕೈಹಾಕಿ ಮುಂದಕ್ಕೆ ದಬ್ಬಿದಳು. "ನಡಿ, ನೀನೇ ಹೋಗಿ ಕೂತ್ಕೋ."

"ನಾನಾ? ನಾನು ಯಾವತ್ತೂ ಮುಂದೆ ಕೂತು ನೋಡಿಲ್ಲ ಅಮ್ಮಾ. ಭಯ ಆಗುತ್ತೆ."

"ಕ್ಯಾಮೆರಾ ಹಿಡಿದಾಗ ಆಗ್ಲಿಲ್ವಾ ಭಯ?"

"ಕ್ಯಾಮೆರಾ ಕೈಲಿದ್ರೆ ನಾನು ಅಲ್ಲಿ ಇರೋದೇ ಇಲ್ವಲ್ಲ."

"ಇವತ್ತು ಇರು" ಎಂದಳು ಸದ್ದಿನವಳು.

ಅವಳು ಹೋಗಿ ಅಷ್ಟು ದೊಡ್ಡ ಬಯಲಿನ ಖಾಲಿ ಚಾಪೆಗಳ ನಡುವೆ ಒಬ್ಬಳೇ ಕೂತಳು. ದೀಪ ಹೊತ್ತಿತು. ಪರದೆಯ ಮೇಲೆ ಕೆರೆಯಂಗಳ ಬಂತು.

ಹೆಜ್ಜೆ ಬಂತು. ಎಂಥ ಹೆಜ್ಜೆ! ತಗಡು ದೂರದಲ್ಲಿ ಗುಡುಗಿತು. ನಾಲ್ಕು ಸಾಸಿವೆ ಕಾಳು, ಆಮೇಲೆ ಸಂಡಿಗೆ, ಒಂದೊಂದೇ. ಚಿಪ್ಪುಗಳು ಓಡಿದವು, ಕೊಡೆಗಳು ಹಾರಿದವು, ಬಾಳೆಲೆ ಉರಿಯಿತು. "ತಗೋ, ನಿನ್ನದು ನನ್ನಲ್ಲಿತ್ತು," "ತಗೋ, ನಿನ್ನದು ನನ್ನಲ್ಲಿತ್ತು" ಎಂದು ಹಿಂದೆ ಎಲ್ಲರ ತುಟಿ ಅಲುಗುತ್ತಿತ್ತು. ಪರದೆ ಒಂದೊಂದನ್ನೂ ಗಟಗಟ ಕುಡಿದು, ಇನ್ನಷ್ಟು ಕೊಡಿ ಎನ್ನುವಂತೆ ಹೊಳೆಯುತ್ತಿತ್ತು. ಅಕ್ಕ ಬಾಗಿಲು ಇಳಿಸಿದಳು. ಬೆವರು ಒರೆಸಿಕೊಂಡಳು. ರಾಗದವನು ಸೀಸೆಗೆ ತುಟಿಯಿಟ್ಟು ಆ ಒಂದು ಸ್ವರವನ್ನು ಬಿಟ್ಟ, ಮುಗಿಸಿದ.

ಅಕ್ಕ ಬಾಗಿಲಿಗೆ ಕೈ ಚಾಚಿದಳು.

ಸದ್ದಿನವಳ ಎರಡೂ ಕೈ ಖಾಲಿ, ಮಡಿಲಲ್ಲಿ ಬಿದ್ದಿದ್ದವು. ಬಾಗಿಲು ಮೂಕವಾಗಿ ಸರಿಯತೊಡಗಿತು. ಪರದೆಯ ನಾಲ್ಕೂ ಮೂಲೆ ಬೆಳ್ಳಗಾದವು. ಬಿಳುಪು ಕೆರೆಯಂಗಳವನ್ನು ತಿಂದಿತು, ಮೋಡವನ್ನು ತಿಂದಿತು, ಚೌಕಟ್ಟಿನವರೆಗೆ ಬಂತು, ಅಕ್ಕನ ಸೆರಗಿಗೆ ತಾಗಿತು. ನಾನು ಕಣ್ಣು ಮುಚ್ಚಿಕೊಂಡೆ.

"ಅಕ್ಕಾ!"

ಪರದೆಯ ಆಚೆಯಿಂದ, ಆ ಖಾಲಿ ಚಾಪೆಗಳ ನಡುವಿನಿಂದ ಬಂತು ಆ ಕೂಗು. ಹದವಾದ ಕೂಗಲ್ಲ. ಎಷ್ಟೋ ಕಾಲ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಒಡೆದು ಹೊರಬಿದ್ದದ್ದು. ಕಣ್ಣು ಬಿಟ್ಟೆ. ಆ ಕೂಗಿನಲ್ಲಿ ಬಾಗಿಲು ತೆರೆಯಿತು, ಪೂರ್ತಿ ತೆರೆಯಿತು. ಬಿಳುಪು ಹಿಂದೆ ಸರಿಯಿತು, ಸೆರಗು ಬಂತು, ಕೆರೆಯಂಗಳ ಬಂತು. ಊರಿನ ಒನಕೆ, ತೊಟ್ಟಿಲು, ರಾಟೆಯೆಲ್ಲ ಹುಡುಕಿದ್ದೆವು. ಬಾಯಿ ಅವರವರದೇ ಎಂದುಕೊಂಡು ಒಬ್ಬರ ಬಾಯಿಯನ್ನೂ ಹುಡುಕಿರಲಿಲ್ಲ.

ಅಕ್ಕನ ಮುಖ ಅದೇ, ಒಂದು ಕೂದಲೂ ಅಲುಗಿಲ್ಲ. ಆದರೆ ಅವಳು ಹೆದರಿದವಳಲ್ಲ, ತಪ್ಪಿಸಿಕೊಂಡವಳಲ್ಲ, ಸಿಟ್ಟಾದವಳಲ್ಲ. ತಂಗಿ ಕರೆದದ್ದು ಕಿವಿಗೆ ಬಿದ್ದು, "ಇರೇ, ಬರ್ತೀನಿ" ಎಂದು ಹೊರಡುವವಳ ಮುಖವಾಗಿತ್ತು. ಹೊಸ್ತಿಲು ದಾಟಿದಳು. ಪರದೆ ಅವಳನ್ನು ಹಿಡಿದುಕೊಂಡಿತು.

ನಾವೆಲ್ಲ ಕುಣಿದೆವು. ರಾಗದವನು ಸದ್ದಿನವಳ ಕಾಲಿಗೆ ಬಿದ್ದ, ಅವಳು ಅವನ ಮೀಸೆ ಹಿಡಿದೆತ್ತಿ ತಬ್ಬಿಕೊಂಡಳು. ನನ್ನ ಬಾಣಲೆ ಎಲ್ಲೋ, ನಾನೆಲ್ಲೋ. ಪರದೆಯ ಆಚೆ ಮಾತ್ರ ಚಿತ್ರದವಳು ಅಳುತ್ತ ನಗುತ್ತ ಒಂದೇ ಸಮನೆ ಮಾತಾಡುತ್ತಿದ್ದಳು.

"ಅವತ್ತೇ ಕರೀಬೇಕು ಅನ್ನಿಸ್ತು. ಕರೆದ್ರೆ ಶಾಟ್ ಹಾಳಾಗುತ್ತೆ ಅಂತ ಉಸಿರು ಕಟ್ಟಿಕೊಂಡು ನಿಂತೆ. ಹೊರಟೋರನ್ನ ಹಿಂದಿನಿಂದ ಕರೀಬಾರ್ದು ಅಂತ ಬೇರೆ ಹೇಳ್ತಾರಲ್ಲ. ನುಂಗ್ಕೊಂಡ್ಬಿಟ್ಟೆ." ಆಮೇಲೆ ಅವಳು ಎದ್ದು ಪರದೆಯ ಹತ್ತಿರ ಬಂದಳು. ತೆರೆದೇ ಇದ್ದ ಆ ಬಾಗಿಲಿಗೆ ಮುಖವಿಟ್ಟು ಮೆಲ್ಲಗೆ ಕೇಳಿದಳು, "ಕೇಳಿಸ್ತಾ?"

ಅವಳು ಕೇಳಿದ್ದು ಅಕ್ಕನನ್ನು ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಬಾಗಿಲ ಆಚೆ ನಿಂತಿದ್ದವರು ನಾವು. ಸುಮ್ಮನಿರಲು ಯಾರಿಗೆ ಸಾಧ್ಯ? ಚಿಪ್ಪು, ಕೊಡೆ, ತಗಡು ಎಲ್ಲ ಕೆಳಗೆ ಹಾಕಿ, ಊರಿಗೆ ಊರೇ ಒಂದೇ ಗಂಟಲಲ್ಲಿ ಕೂಗಿತು:

"ಕೇಳಿಸ್ತು ಕಣೇ!"